ನಾಲ್ಕನೆಯ ಕಲ್ಲು ಮತ್ತು ಮಿಸೆಸ್ ಥ್ರೆಲ್‌ಫಾಲ್ ಅವರ ಒಲೆ

ಮೇಲಿನ ಮರ್ಕಲ್ ಮತ್ತು ಕೆಳಗಿನ ಮರ್ಕಲ್ ಎಂಬ ಎರಡು ಗ್ರಾಮಗಳ ನಡುವಿನ ಗಡಿಯನ್ನು ಏಳು ಕಲ್ಲುಗಳು ಕಾಯುತ್ತವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮೇಲಿನ ಮರ್ಕಲ್‌ನವರಾದ ನಾವು ಪಾದ್ರಿಗಳ ಹಿಂದೆ ಸಾಲಾಗಿ ನಡೆಯುತ್ತೇವೆ. ಪಾದ್ರಿಗಳು ಒಂದೊಂದು ಕಲ್ಲಿಗೂ ವಿಲ್ಲೋ ಮರದ ಕೋಲಿನಿಂದ ಮೂರು ಏಟು ಹಾಕುತ್ತಾರೆ. ಗಡಿ ಮರೆತುಹೋಗದಿರಲೆಂದು ಈ ಏರ್ಪಾಡು. ಗ್ರಾಮ ನಿಯಮಾವಳಿಯ ಮೂರನೆಯ ಕಲಮಿನಲ್ಲಿ ಯಾವ ಗೊಂದಲವೂ ಇಲ್ಲ: "ಪಾದ್ರಿಯು ಬಡಿದ ಕಲ್ಲು ಎಲ್ಲಿದೆಯೋ ಗಡಿ ಅಲ್ಲಿದೆ."

ಈ ವರ್ಷ ನಾಲ್ಕನೆಯ ಕಲ್ಲು ಓಣಿಯ ತುದಿಯಲ್ಲಿ ಇರಲಿಲ್ಲ. ಹುಡುಕಿದಾಗ ಅದು ಮಿಸೆಸ್ ಡಲ್ಸಿ ಥ್ರೆಲ್‌ಫಾಲ್ ಅವರ ಹಿತ್ತಿಲಿನಲ್ಲಿ, ಹೂಗಿಡಗಳ ನಡುವೆ, ಸೋಪು ಹಾಕಿ ತೊಳೆದ ಸ್ಥಿತಿಯಲ್ಲಿ ಪತ್ತೆಯಾಯಿತು.

"ಸಿರಿಲ್, ಎಲ್ಲಿಂದ ಎತ್ಕೊಂಡು ಬಂದೆ ಇದನ್ನ?" ಎಂದು ಡಲ್ಸಿ ಗಂಡನನ್ನು ಕೇಳಿದರು.

"ನೀನೇ ತಾನೆ ಹೂಗಿಡದ ಮಧ್ಯೆ ಒಂದು ಒಳ್ಳೇ ಕಲ್ಲು ಬೇಕು ಅಂದಿದ್ದು? ಓಣೀಲಿ ಸುಮ್ನೆ ನಿಂತಿತ್ತು. ತಳ್ಳುಗಾಡೀಲಿ ಹಾಕ್ಕೊಂಡು ಬಂದೆ."

"ಅದರ ಮೇಲೆ ಇಷ್ಟು ದಪ್ಪಗೆ ನಾಲ್ಕು ಅಂತ ಕೆತ್ತಿದೆಯಲ್ಲೋ!"

"ನಾಲ್ಕನೇ ಬಹುಮಾನ ಬಂದ ಕಲ್ಲು ಅಂದ್ಕೊಂಡೆ."

ಅಷ್ಟರಲ್ಲಿ ಪಾದ್ರಿ ಟಿಬಟ್ ಅವರು, ಊಟದ ಹೊತ್ತು ಮೀರುತ್ತಿದ್ದ ಕಾರಣ, ಕಲ್ಲನ್ನು ಇದ್ದಲ್ಲಿಯೇ ಮೂರು ಸಲ ಬಡಿದುಬಿಟ್ಟರು. ಕಲಮು ಜಾರಿಗೆ ಬಂತು.

ಗ್ರಾಮಸಮಿತಿಯ ಅಧ್ಯಕ್ಷರಾದ ಆಬ್ರಿ ಪಿಂಚಿನ್ ಅವರು ಕೂಡಲೇ ಕಲ್ಲಿನಿಂದ ಕಲ್ಲಿಗೆ ದಾರ ಹಿಡಿಸಿ ನೋಡಿದರು. ದಾರವು ಥ್ರೆಲ್‌ಫಾಲ್ ದಂಪತಿಗಳ ಅಡುಗೆಮನೆಯ ಕಿಟಕಿಯಿಂದ ಒಳಹೊಕ್ಕು ಬಾಗಿಲಿನಿಂದ ಹೊರಬಂತು. ಪಾತ್ರೆ ತೊಳೆಯುವ ತೊಟ್ಟಿ ನಮ್ಮ ಗ್ರಾಮದಲ್ಲಿ ಉಳಿಯಿತು. ಕೇಕು ಬೇಯಿಸುವ ಒಲೆಯು ಕೆಳಗಿನ ಮರ್ಕಲ್‌ಗೆ ಸೇರಿತು.

ಸಾಮಾನ್ಯ ವರ್ಷವಾಗಿದ್ದರೆ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಜುಲೈ ತಿಂಗಳ ಗ್ರಾಮಪ್ರದರ್ಶನದ ಸ್ಪಂಜ್ ಕೇಕ್ ಸ್ಪರ್ಧೆಯಲ್ಲಿ ಡಲ್ಸಿ ಹನ್ನೊಂದು ವರ್ಷ ಸತತ ಗೆದ್ದಿದ್ದರು. ಹನ್ನೆರಡನೆಯ ಸಲ ಗೆದ್ದರೆ ಬೆಳ್ಳಿ ಬಟ್ಟಲು ಶಾಶ್ವತವಾಗಿ ಅವರದು. ಕೇಕು "ಗ್ರಾಮದ ನೆಲದಲ್ಲಿಯೇ ಬೆಂದಿರತಕ್ಕದ್ದು" ಎಂಬುದು ಸ್ಪರ್ಧೆಯ ನಿಯಮ. ಹನ್ನೊಂದು ವರ್ಷವೂ ಎರಡನೆಯ ಸ್ಥಾನ ಪಡೆದವರು ಅಧ್ಯಕ್ಷರ ಪತ್ನಿ ಮ್ಯೂರಿಯಲ್ ಪಿಂಚಿನ್. ಈ ಸಂಗತಿಗೂ ತಮ್ಮ ದಾರಕ್ಕೂ ಸಂಬಂಧವಿಲ್ಲವೆಂದು ಅಧ್ಯಕ್ಷರು, ಯಾರೂ ಕೇಳದಿದ್ದರೂ, ಆಗಾಗ ತಿಳಿಸಿದರು.

ತುರ್ತು ಸಭೆ ಸೇರಿತು.

"ಹಿಟ್ಟು ಕಲಸೋದು ನಮ್ಮೂರಲ್ಲೇ ಅಲ್ವಾ, ಆಬ್ರಿ?" ಎಂದರು ಡಲ್ಸಿ.

"ಕಲಸಿದ ಹಿಟ್ಟನ್ನ ಯಾರೂ ತಿನ್ನಲ್ಲ, ಡಲ್ಸಿ. ಬೆಂದಿದ್ದು ಎಲ್ಲಿ ಹೇಳಿ."

"ಒಲೆ ಬಾಗಿಲು ನಮ್ಮೂರ ಕಡೆಗೇ ತೆಗೆಯುತ್ತೆ!"

"ಬಾಗಿಲು ಬೇಯಿಸಲ್ಲ."

"ಹಾಗಾದ್ರೆ ಕಲ್ಲನ್ನ ವಾಪಸ್ ಓಣಿಗೆ ಹಾಕಿಬಿಡ್ತೀನಿ," ಎಂದ ಸಿರಿಲ್.

"ಧಾರಾಳವಾಗಿ ಹಾಕಪ್ಪ. ಪಾದ್ರಿಗಳು ಬಡಿಯದ ಕಲ್ಲು ಬರೀ ಕಲ್ಲು. ಬರೋ ಮೇ ತನಕ ಕಾಯಿ."

ಡಲ್ಸಿ ನಿಯಮಾವಳಿಯನ್ನು ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ನಮ್ಮ ಗ್ರಾಮದಲ್ಲಿ ಇಂಥ ಕೆಲಸ ಮಾಡಿದವರಲ್ಲಿ ಅವರೇ ಮೊದಲಿಗರು. ಕಲ್ಲನ್ನು ಮೇ ತಿಂಗಳಲ್ಲಿ ಮಾತ್ರ ಬಡಿಯಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ತಳ್ಳುಗಾಡಿಗೂ ನಿಷೇಧವಿರಲಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಿರಿಲ್ ಕಲ್ಲನ್ನು ತಳ್ಳುಗಾಡಿಯಲ್ಲಿ ಇರಿಸಿ, ಅಂಚೆ ಕಚೇರಿಯ ಮುಂದೆ ಎಲ್ಲರಿಗೂ ನಮಸ್ಕರಿಸುತ್ತ ಸಾಗಿ, ಪಿಂಚಿನ್ ಅವರ ಬೇಲಿಯ ಪಕ್ಕ ಇಳಿಸಿದ. ಅಲ್ಲಿ ಡಲ್ಸಿ ಪಾದ್ರಿಗಳೊಡನೆ ಕಾದಿದ್ದರು. ಕೈಯಲ್ಲಿ ನಿಂಬೆಹಣ್ಣಿನ ಟಾರ್ಟ್ ಇತ್ತು.

"ಮೂರೇ ಏಟು, ಪಾದ್ರಿಗಳೇ. ಟಾರ್ಟ್ ಇನ್ನೂ ಬಿಸಿಯಾಗಿದೆ."

"ಇದು ಧರ್ಮವೇನಮ್ಮಾ?"

"ಕಲಮು ಮೂರು."

"ಜೊತೆಗೆ ಕೆನೆ ಇದೆಯಾ?"

"ಇದೆ."

ಡಲ್ಸಿಯ ಒಲೆ ನಮ್ಮ ಗ್ರಾಮಕ್ಕೆ ಮರಳಿತು, ಪಿಂಚಿನ್ ಅವರ ಅಡುಗೆಮನೆ ಕೆಳಗಿನ ಮರ್ಕಲ್‌ಗೆ ಸೇರಿತು. ಬುಧವಾರ ಅಧ್ಯಕ್ಷರು ಸ್ವತಃ ತಳ್ಳುಗಾಡಿ ಹಿಡಿದರು. ಮ್ಯೂರಿಯಲ್ ಸೇಬಿನ ಕಡುಬು ಹಿಡಿದರು. ಶುಕ್ರವಾರ ಸಿರಿಲ್ ಮತ್ತೆ ಹೊರಟ. ಜುಲೈ ಬರುವಷ್ಟರಲ್ಲಿ ಕಲ್ಲು ಹತ್ತೊಂಬತ್ತು ಸಲ ಸ್ಥಳಾಂತರಗೊಂಡಿತ್ತು, ಪಾದ್ರಿಗಳ ನಿಲುವಂಗಿಯ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಲಾಗಿತ್ತು. ನಿವಾಸಿಗಳ ಅನುಕೂಲಕ್ಕಾಗಿ ಸಮಿತಿಯು ಪ್ರತಿದಿನ ಬೆಳಿಗ್ಗೆ ಪ್ರಕಟಣೆ ಹಾಕುವ ಪದ್ಧತಿಯನ್ನು ಆರಂಭಿಸಿತು. ಒಂದು ಮಾದರಿ:

"ಇಂದು ಬಸ್ ನಿಲ್ದಾಣದ ಎಡಭಾಗ, ಬಾತುಕೋಳಿ ಕೊಳ ಹಾಗೂ ಮಿಸ್ ಪೆನ್‌ಬೆರಿಯವರ ಮಲಗುವ ಕೋಣೆ (ಮಂಚ ಹೊರತುಪಡಿಸಿ) ಕೆಳಗಿನ ಮರ್ಕಲ್‌ಗೆ ಸೇರಿರುತ್ತವೆ. ಸಾರ್ವಜನಿಕರು ಸಹಕರಿಸತಕ್ಕದ್ದು."

ಸಾರ್ವಜನಿಕರು ಸಹಕರಿಸಿದರು. ಮಿಸ್ ಪೆನ್‌ಬೆರಿ ಮಂಚದಿಂದ ಇಳಿಯಲಿಲ್ಲ.

ಪ್ರದರ್ಶನದ ದಿನ ಯಾರ ಅಡುಗೆಮನೆ ಯಾವ ಗ್ರಾಮದಲ್ಲಿದೆ ಎಂದು ಹೇಳುವವರೇ ಇರಲಿಲ್ಲ. ಆದ್ದರಿಂದ ಇಬ್ಬರು ಮಹಿಳೆಯರೂ ತಮ್ಮ ಒಲೆಗಳನ್ನು, ಗ್ಯಾಸ್ ಸಿಲಿಂಡರ್ ಸಮೇತ, ಕ್ರಿಕೆಟ್ ಮೈದಾನದ ಪ್ರದರ್ಶನ ಡೇರೆಗೇ ಸಾಗಿಸಿ, ಅಕ್ಕಪಕ್ಕದಲ್ಲಿ ಹೂಡಿಕೊಂಡರು. ಗಂಡಂದಿರಿಬ್ಬರೂ ಒಂದೇ ತಳ್ಳುಗಾಡಿಯನ್ನು ಎರಡು ದಿಕ್ಕಿಗೆ ಎಳೆಯುತ್ತ ಒಳಬಂದರು. ಗಾಡಿ ಮಗುಚಿತು. ಕಲ್ಲು ಎರಡು ಒಲೆಗಳ ನಡುವೆ ಉರುಳಿ ನಿಂತಿತು.

"ಸ್ವಲ್ಪ ಆ ಕಡೆ ಸರಿಸಿ, ಪಾದ್ರಿಗಳು ಬಂದ್ರು!" ಎಂದರು ಅಧ್ಯಕ್ಷರು.

"ಸರಿಸಬೇಡ ಸಿರಿಲ್, ಕೂತ್ಕೋ ಅದರ ಮೇಲೆ!" ಎಂದರು ಡಲ್ಸಿ.

ಆ ಬೆಳಿಗ್ಗೆ ಎರಡೂ ಮನೆಗಳಲ್ಲಿ ಉಪಾಹಾರ ಮುಗಿಸಿ ಬಂದಿದ್ದ ಪಾದ್ರಿಗಳಿಗೆ ಇನ್ನೊಂದು ಹೆಜ್ಜೆ ಇಡುವುದು ಸಾಧ್ಯವಿರಲಿಲ್ಲ. ಅವರು ಅಲ್ಲಿಯೇ ಮೂರು ಏಟು ಹಾಕಿದರು. ಒಂದು ಸಿರಿಲ್‌ಗೆ ಬಿತ್ತು.

ದಾರ ಹಿಡಿಯಲಾಯಿತು. ಡಲ್ಸಿಯ ಒಲೆ ನಮ್ಮ ಗ್ರಾಮದಲ್ಲಿತ್ತು, ಮ್ಯೂರಿಯಲ್‌ರ ಒಲೆ ಕೆಳಗಿನ ಮರ್ಕಲ್‌ನಲ್ಲಿ. ಕೇಕುಗಳು ಬೆಂದವು. ಬೆಳ್ಳಿ ಬಟ್ಟಲು ಶಾಶ್ವತವಾಗಿ ಡಲ್ಸಿಯ ಪಾಲಾಯಿತು.

"ಅನ್ಯಾಯ!" ಎಂದು ಅಧ್ಯಕ್ಷರು ಕೂಗಿದರು. "ಇದು ಅನ್ಯಾಯ!"

"ಎಂಥ ಅನ್ಯಾಯ ರೀ?" ಎಂದು ಚಹಾ ಕುಡಿಯುತ್ತಿದ್ದ ಕೆಳಗಿನ ಮರ್ಕಲ್‌ನ ಅಧ್ಯಕ್ಷೆ ಮಿಸೆಸ್ ಆಸ್‌ಗುಡ್ ಎದ್ದರು. "ನಮ್ಮೂರ ನೆಲದಲ್ಲಿ ಬೆಂದಿರೋದು ಮ್ಯೂರಿಯಲ್ ಅವರ ಈ ಕೇಕೊಂದೇ. ನಮ್ಮ ಮೊದಲನೇ ಬಹುಮಾನ ಇದಕ್ಕೇ!"

ಮ್ಯೂರಿಯಲ್ ಕೈಯಲ್ಲಿದ್ದ ಚಾಕು ಕೆಳಗಿಟ್ಟರು.

"ಏನಂದ್ರಿ? ಮೊದಲನೇದಾ?"

"ಮೊದಲನೇದೇ, ತಾಯಿ."

"ಆಬ್ರಿ, ಆ ಕಲ್ಲನ್ನ ಯಾರಾದ್ರೂ ಮುಟ್ಟಿದ್ರೆ ನೋಡು ಮತ್ತೆ."

ಸಮಿತಿಯ ನಿರ್ಣಯದಂತೆ ಕಲ್ಲು ಈಗ ಅಲ್ಲಿಯೇ ಇದೆ. ಮಳೆಗೆ ನೆನೆಯದಿರಲೆಂದು ಡೇರೆಯೂ ಇದೆ. ಕ್ರಿಕೆಟ್ ಸಂಘದವರು ಡೇರೆಯನ್ನು ಎರಡನೆಯ ಸ್ಲಿಪ್‌ನ ಫೀಲ್ಡರ್ ಎಂದು ನೋಂದಾಯಿಸಿಕೊಂಡು ಆಟ ಮುಂದುವರಿಸಿದ್ದಾರೆ. ಅದು ಈವರೆಗೆ ಎರಡು ಕ್ಯಾಚ್ ಹಿಡಿದಿದೆ.