ನಲ್ಲಿಯಲ್ಲಿ ಬಂದ ದೇವರು

ದೇವರ ಪಾತ್ರವನ್ನೂ ತಾನೇ ಹಾಡುತ್ತೇನೆ ಎಂದು ನಮ್ಮ ಗಿಟಾರಣ್ಣ ಶಪಥ ಮಾಡಿದ್ದು ಶನಿವಾರ ಬೆಳಿಗ್ಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ!

ವಿಷಯ ಇಷ್ಟು. ಅವನಿಗೆ ಪ್ರಾಣವಾಗಿದ್ದ ಒಂದು ಹಳೆಯ ರಾಕ್ ಹಾಡಿತ್ತು. ಅದರಲ್ಲಿ ಒಬ್ಬ ಪಾಪಿ ಐದು ಚರಣಗಳ ತುಂಬ ದೇವರನ್ನು ಕರೆದೂ ಕರೆದೂ ಗಂಟಲು ಹರಿದುಕೊಳ್ಳುತ್ತಾನೆ. ಆರನೆಯ ಚರಣದಲ್ಲಿ ಡ್ರಮ್ಮು, ಗಿಟಾರು ಎಲ್ಲ ಗಪ್‌ಚಿಪ್. ಮೇಲಿನಿಂದ ಸಾಕ್ಷಾತ್ ದೇವರೇ ಗುಡುಗುತ್ತಾನೆ! ಗಿಟಾರಣ್ಣ ಅದನ್ನು ತಾನೇ ಕನ್ನಡಕ್ಕೆ ತಂದು, ತಾನೇ ಬಾರಿಸಿ, ತಾನೇ ಹಾಡಿ, ತಾನೇ ರೆಕಾರ್ಡ್ ಮಾಡುತ್ತಿದ್ದ. ಕಂಪನಿ ಇಲ್ಲ, ಬ್ಯಾಂಡ್ ಇಲ್ಲ. ಸ್ವತಂತ್ರ ಸಂಗೀತಗಾರ ಎಂದರೆ ಕೇಳುವವರಿಂದಲೂ ಸ್ವತಂತ್ರ! ಇದ್ದದ್ದು ಮೂವತ್ತೊಂದೇ ಜನ ಅಭಿಮಾನಿಗಳು. ಆದರೆ ಒಬ್ಬೊಬ್ಬರೂ ಅವನಿಗಾಗಿ ಜೀವ ಬಿಡುವಂಥವರು, ಆ ಮಾತು ಬೇರೆ.

ಅವನಿಗೆ ಬೇಕಾಗಿದ್ದದ್ದು ಮೂವತ್ತೆರಡನೆಯ ಅಭಿಮಾನಿ. ಅದು ಅವನ ಹೆಂಡತಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಇಡೀ ಕಟ್ಟಡಕ್ಕೆ ಬಟ್ಟೆ ಹೊಲಿಯುವ ಟೈಲರಮ್ಮ. ಏಳು ವರ್ಷದಿಂದ ಅವನ ಪ್ರತಿ ಹಾಡಿಗೂ, ಸೂಜಿಯಿಂದ ಕಣ್ಣು ತೆಗೆಯದೆ, ಅವಳದು ಒಂದೇ ಮಾತು: "ಚೆನ್ನಾಗಿದೆ ರೀ." ಹೊಸ ಪರದೆ ತೋರಿಸಿದರೂ ಚೆನ್ನಾಗಿದೆ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದರೂ ಚೆನ್ನಾಗಿದೆ!

"ಈ ಸಲ ನೋಡ್ತಿರು ಕಣೇ! ಈ ಹಾಡು ಕೇಳಿ ನಿನ್ನ ಕಣ್ಣಲ್ಲಿ ನೀರು ಬರ್ಲಿಲ್ಲ ಅಂದ್ರೆ ಗಿಟಾರ್ ತಂತಿ ಕಿತ್ತು ಅದ್ರ ಮೇಲೆ ಬಟ್ಟೆ ಒಣಹಾಕ್ತೀನಿ!"

"ಆರು ತಂತಿ ಇದ್ಯಲ್ಲ, ಸಾಕಾಗುತ್ತೆ ರೀ" ಎಂದಳು ಅವಳು.

ಪಾಪಿಯ ಐದು ಚರಣ ಬಟ್ಟೆ ಬೀರುವಿನೊಳಗೆ ಕೂತು ಒಂದೇ ದಿನಕ್ಕೆ ಮುಗಿದವು. ಪಾಪಿಯಾಗುವುದಕ್ಕೆ ಏನು, ಅನುಭವವಿತ್ತು! ತೊಂದರೆ ಬಂದದ್ದು ದೇವರಿಂದ. ಕಂಪ್ಯೂಟರಿನಲ್ಲಿ ಪ್ರತಿಧ್ವನಿ ಹಾಕಿದರೆ, ರೈಲು ತಡವಾಗಿದೆ ಎಂದು ಸ್ಟೇಷನ್ನಿನಲ್ಲಿ ಹೇಳಿದ ಹಾಗೆ ಕೇಳಿತು. ಬಕೆಟ್ಟಿನೊಳಗೆ ತಲೆ ತೂರಿಸಿ ಹಾಡಿದರೆ ದೇವರಿಗೆ ನೆಗಡಿ ಆದ ಹಾಗಿತ್ತು. ದೊಡ್ಡ ಜಾಗ ಬೇಕು, ಗೋಡೆ ಬೇಕು, ಮೇಲೆ ಗಗನ ಇಣುಕಬೇಕು!

ಭಾನುವಾರ ಆ ಜಾಗ ತಾನಾಗಿಯೇ ಒದಗಿತು. ತಾರಸಿಯ ಮೇಲಿನ ಸಿಮೆಂಟಿನ ನೀರಿನ ಟ್ಯಾಂಕ್! ನಾಲ್ಕು ಜನ ಕಾಲು ಚಾಚಿ ಇಸ್ಪೀಟು ಆಡುವಷ್ಟು ದೊಡ್ಡದು. ಬೆಳಿಗ್ಗೆ ಮೇಸ್ತ್ರಿ ಅದನ್ನು ಖಾಲಿ ಮಾಡಿ, ತೊಳೆದು, ಏಣಿ ಅಲ್ಲೇ ಬಿಟ್ಟು ಟೀ ಕುಡಿಯಲು ಹೋಗಿದ್ದ. ಮೋಟರ್ ಹಾಕುವುದು ಹನ್ನೆರಡಕ್ಕೆ. ಈಗ ಹನ್ನೊಂದು. ಗಿಟಾರಣ್ಣ ಮೈಕು, ಕಂಪ್ಯೂಟರು ಎಲ್ಲ ಎದೆಗವಚಿಕೊಂಡು ಹೊರಟ.

"ಎಲ್ಲಿಗ್ರೀ?"

"ಸ್ವರ್ಗಕ್ಕೆ!"

"ಬರ್ತಾ ತಾರಸಿ ಮೇಲಿರೋ ಬೆಡ್‌ಶೀಟ್ ತನ್ನಿ."

ಟ್ಯಾಂಕಿನ ತಳದಲ್ಲಿ ನಿಂತು ಒಮ್ಮೆ ಕೆಮ್ಮಿದ. ಆಹಾ! ಕೆಮ್ಮೇ ಸುಪ್ರಭಾತದಂತಿತ್ತು! ಕಿವಿಗೆ ಹೆಡ್‌ಫೋನ್ ಏರಿಸಿದ. ಡ್ರಮ್ಮು, ಗಿಟಾರು ಎಲ್ಲ ಅವನ ಕಿವಿಯೊಳಗೆ ಮಾತ್ರ. ಹೊರಗೆ ಕೇಳುವುದು ಬರೀ ಗಂಟಲು. ಎದೆ ಉಬ್ಬಿಸಿ ಬಿಟ್ಟ:

"ಬಚ್ಚಿಟ್ಟಿದ್ದೆಲ್ಲ ಬಲ್ಲೆ ನಾನೂ! ಬಾಯಿ ಬಿಡು, ಪಾಪೀ, ಬಾಯಿ ಬಿಡೂ!"

ಒಂದು ಸಂಗತಿ ಅವನಿಗೆ ಹೊಳೆದಿರಲಿಲ್ಲ. ಟ್ಯಾಂಕ್ ಖಾಲಿ ಎಂದರೆ ಪೈಪುಗಳೂ ಖಾಲಿ. ನೀರು ಯಾವಾಗ ಬಂದೀತೋ ಎಂದು ಮನೆಮನೆಯಲ್ಲೂ ನಲ್ಲಿ ತಿರುಗಿಸಿಟ್ಟು, ಕೆಳಗೆ ಬಕೆಟ್ ಇಟ್ಟು ಕಾಯುತ್ತಿದ್ದರು. ನೀರಿನ ಬದಲು ದೇವರು ಬಂದ! ನಾಲ್ಕೂ ಮಹಡಿಯ ಅಡುಗೆಮನೆ, ಬಚ್ಚಲುಮನೆಗಳಲ್ಲಿ ಏಕಕಾಲಕ್ಕೆ!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯಸ್ವಭಾವ. ಗಿಟಾರಣ್ಣ ಹಾಡು ಹೇಗೆ ಬಂದಿದೆ ನೋಡೋಣ ಎಂದು ಹೆಡ್‌ಫೋನ್ ತೆಗೆದನೋ ಇಲ್ಲವೋ, ಟ್ಯಾಂಕಿನ ತಳದ ತೂತಿನಿಂದ ಒಂದು ನಡುಗುವ ದನಿ ಮೇಲೆ ಬಂತು.

"ಹೇಳ್ಬಿಡ್ತೀನಿ ದೇವ್ರೇ! ಎದುರುಮನೆಯವರ ಪೇಪರ್ ದಿನಾ ಬೆಳಿಗ್ಗೆ ಎತ್ಕೊಳ್ಳೋನು ನಾನೇ! ಪದಬಂಧ ಪೆನ್ನಲ್ಲಿ ತುಂಬಿಸಿ ವಾಪಸ್ ಇಡ್ತೀನಿ!"

ಮೂರನೇ ಮಹಡಿಯ ನಿವೃತ್ತ ಲೆಕ್ಕದ ಮೇಷ್ಟ್ರು! ಇದೇನು ನಡೆಯುತ್ತಿದೆ ಎಂದು ತಿಳಿಯಲು ಗಿಟಾರಣ್ಣನಿಗೆ ಅರ್ಧ ನಿಮಿಷ ಬೇಕಾಯಿತು. ತಿಳಿದ ಮೇಲೆ, ಮರ್ಯಾದಸ್ಥನಾಗಿದ್ದರೆ ಏಣಿ ಹತ್ತಿ ಹೊರಗೆ ಬರಬೇಕಿತ್ತು. ಆದರೆ ಏಳು ವರ್ಷದಲ್ಲಿ ಅವನ ಹಾಡಿಗೆ ಇಷ್ಟು ಬೇಗ ಪ್ರತಿಕ್ರಿಯೆ ಎಂದಾದರೂ ಬಂದಿತ್ತೇ? ಮತ್ತೊಮ್ಮೆ ಹಾಡಿದ! "ಬಾಯಿ ಬಿಡು, ಪಾಪೀ!"

ಈ ಸಲ ಮೇಲೆ ಬಂದದ್ದು ಕಟ್ಟಡದ ಸೆಕ್ರೆಟರಿಯ ದನಿ. "ಲಿಫ್ಟ್ ಕೆಟ್ಟಿಲ್ಲ ತಂದೆ! ಅದು ಓಡಾಡಿದ್ರೆ ನಮ್ಮ ಮಂಚ ನಡುಗುತ್ತೆ ಅಂತ ನಾನೇ ಬೋರ್ಡ್ ತಗಲಾಕಿದ್ದೀನಿ. ಎರಡು ವರ್ಷ ಆಯ್ತು!"

ಎರಡು ವರ್ಷ ಆ ಮೆಟ್ಟಿಲುಗಳ ಮೇಲೆ ಸ್ಪೀಕರ್ ಹೊತ್ತ ಗಿಟಾರಣ್ಣನ ಸೊಂಟ ಅಲ್ಲೇ ಒಮ್ಮೆ ಚಳಕ್ಕೆಂದಿತು. ಹಲ್ಲು ಕಚ್ಚಿ ಸಹಿಸಿದ.

ಮೂರನೆಯದು ದಂತವೈದ್ಯರದು. ದಿನವಿಡೀ ಊರಿನವರಿಗೆಲ್ಲ ಬಾಯಿ ತೆಗೀರಿ ಎನ್ನುವ ಮನುಷ್ಯನಿಗೆ ಮೊದಲ ಸಲ ಯಾರೋ ಬಾಯಿ ಬಿಡು ಎಂದಿದ್ದರು! "ಸ್ವಾಮೀ, ಎರಡನೇ ಮಹಡಿ ಗಿಟಾರ್‌ನವನ ಹಲ್ಲು... ನಾನು ಕಿತ್ತಿದ್ದು ಚೆನ್ನಾಗೇ ಇತ್ತು. ಹುಳುಕು ಇದ್ದಿದ್ದು ಪಕ್ಕದ್ದು!"

ಗಿಟಾರಣ್ಣನ ನಾಲಿಗೆ ತಾನಾಗಿಯೇ ಆ ಖಾಲಿ ಜಾಗಕ್ಕೆ ಹೋಯಿತು. "ಅಯ್ಯೋ ಪಾಪಿ!" ಎಂದು ಚೀರಿದ. ಇದು ಹಾಡಿನಲ್ಲಿ ಇರಲಿಲ್ಲ.

"ಹೌದು ಸ್ವಾಮಿ, ಪಾಪಿನೇ! ಆಮೇಲೆ ಅದನ್ನೂ ಕಿತ್ತೆ!"

ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಮಂಗನಿಗೆ ಹೆಂಡ ಕುಡಿಸಿದ ಹಾಗಾಗಿತ್ತು. ಇಷ್ಟೆಲ್ಲ ಜನ ನಿಜ ಹೇಳುತ್ತಿರುವಾಗ, ತನಗೆ ಬೇಕಾದ ಒಂದೇ ಒಂದು ನಿಜವನ್ನು ಕೇಳದೆ ಇರುವುದು ಹೇಗೆ? ಮೈಕು ರೆಕಾರ್ಡ್ ಮಾಡುತ್ತಲೇ ಇತ್ತು. ಅವಳ ಮೆಚ್ಚುಗೆ ದಾಖಲೆಯಾಗಿಯೇ ಉಳಿಯಲಿ! ತೂತಿನ ಹತ್ತಿರ ಮಂಡಿಯೂರಿ, ದನಿಯನ್ನು ಹೊಕ್ಕುಳಿಂದ ಎತ್ತಿದ.

"ಟೈಲರಮ್ಮಾ! ನಿನ್ನ ಗಂಡನ ಹಾಡಿನ ಬಗ್ಗೆ ಮನಸ್ಸಿನಲ್ಲಿರುವ ಸತ್ಯವನ್ನು ನುಡಿ!"

ನಾಲ್ಕೂ ಮಹಡಿಯವರು ನಲ್ಲಿಗೆ ಕಿವಿ ಅಂಟಿಸಿಕೊಂಡರು. ಕೆಳಗೆಲ್ಲೋ ಹೊಲಿಗೆ ಮಿಷನ್ ನಿಂತ ಸದ್ದು.

"ನಿಜಾನೇ ಹೇಳ್ಬೇಕಾ ದೇವ್ರೇ?"

"ನುಡಿ!"

"ನೊಂದ್ಕೋಬಾರ್ದು ಮತ್ತೆ."

"ದೇವರು ನೊಂದುಕೊಳ್ಳುವುದಿಲ್ಲ!"

"ಹಾಗಾದ್ರೆ ಕೇಳಿ. ನಾನು ಅವರ ಹಾಡು ಒಂದೂ ಪೂರ್ತಿ ಕೇಳಿಲ್ಲ. ಅವರು ಬಾಯಿ ತೆಗೆದ ಕೂಡ್ಲೇ ಮಿಷನ್ ಜೋರಾಗಿ ತುಳೀತೀನಿ. ಹೊಲಿಯೋಕೆ ಬಟ್ಟೆ ಇಲ್ದಿದ್ರೂ ತುಳೀತೀನಿ. ಗಿಟಾರ್ ಚೆನ್ನಾಗಿ ಬಾರಿಸ್ತಾರೆ, ಅದು ಸುಳ್ಳಲ್ಲ. ಹಾಡ್ತಾರಲ್ಲ, ಅದೇ ಕಷ್ಟ. ಹೇಳಿದ್ರೆ ಮುಖ ಬಾಡಿ ಹೋಗುತ್ತೆ ಅಂತ ಏಳು ವರ್ಷ ಚೆನ್ನಾಗಿದೆ ಅಂದೆ. ಆ ಮುಖ ಬಾಡಿದ್ರೆ ನನ್ನ ಕೈಲಿ ನೋಡೋಕಾಗಲ್ಲ."

ಕಣ್ಣಲ್ಲಿ ನೀರು ಬಂದದ್ದು ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

"ಕೇಳಿಸ್ತಾ? ಕೇಳಿಸಿದ್ರೆ ಇನ್ನು ಇಳಿದು ಬನ್ರೀ" ಎಂದಳು ಅವಳು. "ಮೊದಲ್ನೇ ಸಾಲಲ್ಲೇ ಶ್ರುತಿ ತಪ್ಪಿದಾಗ ನಿಮ್ಮದೇ ಗಂಟಲು ಅಂತ ಗೊತ್ತಾಯ್ತು. ಮೇಸ್ತ್ರಿ ಮೋಟರ್ ಹತ್ರ ನಿಂತಿದ್ದಾನೆ."

ಉಳಿದ ನಲ್ಲಿಗಳಲ್ಲಿ "ಆಂ?" ಎಂಬ ಉದ್ಗಾರ ಒಂದರ ಹಿಂದೊಂದು ಎದ್ದಿತು. ಗಿಟಾರಣ್ಣ ಅಳಿದುಳಿದ ಮಾನ ಉಳಿಸಿಕೊಳ್ಳಲು ಕೊನೆಯ ಬಾರಿ ಗುಡುಗಿದ: "ಯಾವ ಗಂಡ? ನಾನು ದೇವರು!"

"ಆಯ್ತು. ದೇವ್ರಾಗಿದ್ರೆ ಭಯ ಏನು? ಮೋಟರ್ ಹಾಕಿಸ್ತೀನಿ, ನೀರಿನ ಮೇಲೆ ನಡ್ಕೊಂಡು ಬನ್ನಿ."

ತೂತಿನೊಳಗೆ ಒಂದು ಸಣ್ಣ, ಪ್ರತಿಧ್ವನಿಯೇ ಇಲ್ಲದ ದನಿ ಇಳಿಯಿತು.

"ಬಂದೆ ಕಣೇ... ಏಣಿ ಅಲ್ಲಾಡ್ತಿದೆ. ಹಿಡ್ಕೊಳ್ಳೋಕೆ ಯಾರನ್ನಾದ್ರೂ ಕಳ್ಸು."

ಅವಳು ಬಾಯಿ ತೆರೆಯುವ ಮುಂಚೆಯೇ ಮೇಷ್ಟ್ರು, ಸೆಕ್ರೆಟರಿ, ದಂತವೈದ್ಯರ ಮೂರು ನಲ್ಲಿಗಳಿಂದ, ಮೂರು ಮಹಡಿಗಳಿಂದ, ಏಕಕಂಠದಲ್ಲಿ, ಅಪ್ಪಟ ಶ್ರುತಿಯಲ್ಲಿ ಉತ್ತರ ಬಂತು:

"ನಾವು ಬರ್ತಿದ್ದೀವಿ!"