ಅವಲಂಬಿತ ಗಂಡನ ವೀಸಾ

ನೆಟ್ಟಗೆ ನಡೆಯುವ ಕೆಲಸವೂ ನಮ್ಮ ಮನೆಯ ಹೊಸ್ತಿಲಿಗೆ ಬಂದರೆ ಸಾಕು, ಎಡವಿ ಬೀಳುತ್ತದೆ. ಬೇರೆಯವರ ಮನೆಯಲ್ಲಿ ಹೀಗೆ ಆಗುವುದೇ ಇಲ್ಲವೋ, ಆದರೂ ಅವರು ಹೇಳಿಕೊಳ್ಳುವುದಿಲ್ಲವೋ, ನನಗೆ ತಿಳಿಯದು. ನನ್ನ ಹೆಂಡತಿ ಪರದೇಶಕ್ಕೆ ಹೋಗುವುದು, ಅವಳ ಹಿಂದೆ ನಾನು ಹೋಗುವುದು ಅಂತ ಠರಾವು ಆದ ಮೇಲಂತೂ ದಿನಕ್ಕೊಂದು ಎಡವು.

ಹಲ್ಲು

ನಾನು ಶಹಾಪುರದಲ್ಲಿ ಕಾಲುವೆ ಕಚೇರಿಯ ಗುಮಾಸ್ತ. ಯಾವ ತೂಬಿಗೆ ಯಾವ ವಾರ ನೀರು ಅಂತ ಬರೆದು ಗೋಡೆಗೆ ಅಂಟಿಸುವುದು, ಆಮೇಲೆ ರೈತರಿಂದ ಬೈಸಿಕೊಳ್ಳುವುದು, ಇವೆರಡೇ ನನ್ನ ಕೆಲಸ. ಹೆಂಡತಿ ಮಾಳಿಗೆಯ ಖೋಲಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹಲ್ಲು ಮಾಡುತ್ತಾಳೆ. ಯುರೋಪಿನ ಒಂದು ದಂತ ಲ್ಯಾಬಿನವರು ರೋಗಿಯ ಬಾಯಿಯ ಚಿತ್ರ ಕಳಿಸುತ್ತಾರೆ. ಇವಳು ಆ ಸಂದಿಗೆ ಸರಿಯಾಗಿ ಕೂಡುವಂಥ ಹಲ್ಲನ್ನು ಪರದೆಯ ಮೇಲೆ ಕೆತ್ತಿ ವಾಪಸು ಕಳಿಸುತ್ತಾಳೆ. ಅಲ್ಲಿಯ ಯಂತ್ರ ಅದನ್ನು ಅಚ್ಚು ಹಾಕುತ್ತದೆ. ಇದಿಷ್ಟನ್ನೂ ಓಣಿಯ ಜನಕ್ಕೆ ತಿಳಿಸಿ ಹೇಳುವುದು ಮಾತ್ರ ನಮ್ಮಿಂದ ಆಗಲಿಲ್ಲ.

ಓಣಿಯ ಕಿರಾಣಿ ಅಂಗಡಿಯ ಸಾವಕಾರರು ಒಂದು ಮುಂಜಾನೆ ಗಲ್ಲ ಊದಿಸಿಕೊಂಡು ಬಂದರು. ಬಂದವರೇ ಕುರ್ಚಿ ಎಳೆದುಕೊಂಡು, ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದುಬಿಟ್ಟರು. ಹೆಂಡತಿ ತಾನು ಡಾಕ್ಟರ್ ಅಲ್ಲ ಅಂದಳು. ಬರೀ ಚಿತ್ರ ನೋಡಿ ಹಲ್ಲು ಮಾಡುವವಳು ಅಂದಳು. ಅವರು ಬಾಯಿ ಮುಚ್ಚಲಿಲ್ಲ. ಕಡೆಗೆ, "ನಾ ಇಲ್ಲಿ ಕುಂತು ಆ ದೇಶದವ್ರ ಹಲ್ಲು ಅಷ್ಟ ನೋಡ್ತೀನ್ರಿ ಕಾಕಾ," ಅಂದಳು.

ಸಾವಕಾರರು ಬಾಯಿ ಮುಚ್ಚಿ, ಊದಿದ ಗಲ್ಲ ಹಿಡಿದುಕೊಂಡು ಎದ್ದರು. "ಹಂಗಾರ ನಮ್ಮ ಹಲ್ಲು ನೋಡಬೇಕಂದ್ರ ನೀ ಆ ದೇಶಕ್ಕ ಹೋಗಬೇಕೇನವಾ?"

ಹತ್ತಿರದ ದೂರ

ಹೋಗಬೇಕಾಗಿಯೇ ಬಂತು. ಲ್ಯಾಬಿನವರು ಇನ್ನು ಮುಂದೆ ತಮ್ಮ ಕಚೇರಿ ವೇಳೆಯಲ್ಲೇ ಎಲ್ಲರೂ ಕೂಡಬೇಕು ಅಂದರು. ಅವರ ಕಚೇರಿ ರಂಗೇರುವ ಹೊತ್ತಿಗೆ ನಮ್ಮಲ್ಲಿ ಸಂಜೆ. ಸಂಜೆಗೆ ಕರೆಂಟು ಹೋಗುತ್ತದೆ, ಕರೆಂಟು ಇದ್ದರೆ ಇಂಟರ್ನೆಟ್ ಹೋಗುತ್ತದೆ. ಅರ್ಧ ಕೆತ್ತಿದ ದವಡೆ ಪರದೆಯ ಮೇಲೆ ನಿಂತುಬಿಡುತ್ತಿತ್ತು. ಹೀಗಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ಒಂದು ವರ್ಷ ನಮ್ಮ ಸಮೀಪ ಬಂದು ಇರು ಅಂದರು. ಕಲಿತು ಕೈಗೆ ಹತ್ತಿದ ಕೆಲಸ, ಬಿಡಲು ಅವಳಿಗೆ ಮನಸ್ಸಿಲ್ಲ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಬ್ಬ ವೀಸಾ ಏಜೆಂಟ್ ಇದ್ದ. ಆತ ಒಂದೊಂದೇ ಬೆರಳು ಮಡಚಿ ಹೇಳಿದ. ಪ್ರವಾಸಿ ವೀಸಾದಲ್ಲಿ ಹೋದರೆ ಸಮುದ್ರ ನೋಡಬಹುದು, ಕೆಲಸ ಮಾಡುವಂತಿಲ್ಲ. ನೌಕರಿ ವೀಸಾ ಬೇಕೆಂದರೆ ಲ್ಯಾಬಿನವರು ಕಾಯಂ ಮಾಡಿಕೊಳ್ಳಬೇಕು, ಅವರು ಮಾಡಿಕೊಳ್ಳುವುದಿಲ್ಲ. ಉಳಿದಿದ್ದು ದೂರದಿಂದ ಕೆಲಸ ಮಾಡುವವರ ವೀಸಾ. ಅದರಲ್ಲಿ ಗಂಡನನ್ನೂ ಕರೆದೊಯ್ಯಬಹುದು. ಆದರೆ ಯಾವ ದೇಶದಲ್ಲಿ ಇರುತ್ತೀರೋ ಆ ದೇಶದ ಕಂಪನಿಗೆ ಕೆಲಸ ಮಾಡುವಂತಿಲ್ಲ. ಆದ್ದರಿಂದ ಲ್ಯಾಬಿನ ದೇಶ ಬಿಟ್ಟು ಅದರ ಮಗ್ಗುಲಿನ ಸಣ್ಣ ದೇಶದಲ್ಲಿ ಇರಬೇಕು.

ನನಗೆ ತಲೆ ಕೆಟ್ಟಿತು. "ಇಲ್ಲಿ ಕುಂತು ದೂರದ ಕೆಲಸ ಮಾಡಾಕಿ, ಅಲ್ಲಿಗೆ ಹೋಗಿ ಮತ್ತ ದೂರದ ಕೆಲಸಾನ ಮಾಡಬೇಕೇನು?" ಅಂದೆ.

"ಹೌದ್ರಿ. ಆದ್ರ ಅದು ಹತ್ತರದ ದೂರ."

ಆಮೇಲೆ ನನ್ನ ಕಡೆ ತಿರುಗಿದ. ನಾನು ಹೆಂಡತಿಯ ಅವಲಂಬಿತ ಅಂತ ಹೋಗಬೇಕಂತೆ. ಅಲ್ಲಿ ನೌಕರಿ ಮಾಡುವ ಹಾಗಿಲ್ಲ, ವ್ಯಾಪಾರ ಮಾಡುವ ಹಾಗಿಲ್ಲ, ವರ್ಷವಿಡೀ ಸುಮ್ಮನೆ ಕೂಡಬೇಕಂತೆ. "ಆಗ್ತದೇನ್ರಿ ಸಾಹೇಬರಿಗೆ?" ಅಂತ ಮರುಕದಿಂದ ಕೇಳಿದ.

ನಾನು ಬಾಯಿ ಬಿಡುವ ಮೊದಲೇ ಹೆಂಡತಿ ಹೇಳಿದಳು: "ಆಗ್ತದ್ರಿ. ಇಲ್ಲೂ ಸರ್ಕಾರಿ ನೌಕರಿನೇ ಐತಿ."

ಮದುವೆಯ ಸಾಕ್ಷಿ

ಗಂಡ ಹೆಂಡತಿ ಅನ್ನುವುದಕ್ಕೆ ನೋಂದಣಿ ಪತ್ರ ಬೇಕು ಅಂದರು. ನಮ್ಮ ಮದುವೆಗೆ ಸುರಪುರದ ಅರ್ಧ ಊರು ಬಂದಿತ್ತು. ನೋಂದಣಿ ಮಾತ್ರ ಆಗಿರಲಿಲ್ಲ. ಮದುವೆಯ ಫೋಟೋ ತೆಗೆದುಕೊಂಡು ನೋಂದಣಿ ಕಚೇರಿಗೆ ಹೋದೆವು. ಫೋಟೋದಲ್ಲಿ ನನ್ನ ಮುಖದ ಮೇಲೆ ಬಾಸಿಂಗ, ಅದರ ಮೇಲೆ ಹೂವಿನ ಜಾಲರಿ. ಕಾಣುತ್ತಿದ್ದುದು ಮೂಗಿನ ತುದಿ ಒಂದೇ. ನಡುವೆ ಹಾರ ಹಾಕಿಕೊಂಡು, ಹಸನಾಗಿ ನಗುತ್ತ ನಿಂತವರು ಹೆಂಡತಿಯ ದೊಡ್ಡಪ್ಪ. ಅಲ್ಲಿಯ ಗುಮಾಸ್ತರು ಫೋಟೋ ನೋಡಿದರು, ನನ್ನ ಮೂಗು ನೋಡಿದರು, ಮತ್ತೆ ಫೋಟೋ ನೋಡಿದರು. ಮದುವೆಯನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ಬಂದು ಹೇಳಿದರೆ ಸಾಕು ಅಂದರು.

ಬೋನಾಳದಿಂದ ನನ್ನ ಸೋದರಮಾವನನ್ನು ಕರೆಸಿದೆ. ಆತ ಮಡಿ ಧೋತರ ಉಟ್ಟು, ಹೆಗಲ ಮೇಲೆ ಹೊಸ ಟಾವೆಲ್ ಹಾಕಿಕೊಂಡು ಬಂದ. ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ ಅಂತ ಹೆಸರು. ಅದಕ್ಕೇ ಆತನನ್ನು ಕರೆಸಿದ್ದು, ಅದೇ ಮುಳುವಾಯಿತು. ನೋಂದಣಿ ಸಾಹೇಬರು, ಇವರಿಬ್ಬರ ಮದುವೆ ಆಗಿದ್ದನ್ನು ನೀವು ನೋಡಿದ್ದೀರಾ ಅಂತ ಕೇಳಿದರು.

ಮಾವ ಹೆಗಲ ಮೇಲಿನ ಟಾವೆಲ್ ತೆಗೆದು ಮಡಚಿದ. ಆಮೇಲೆ ಕೈಮುಗಿದು, "ಖರೇ ಹೇಳ್ತೀನ್ರಿ," ಅಂದ. "ಅಕ್ಕಿಕಾಳು ಬೀಳೋ ಹೊತ್ತಿಗೆ ನಾ ಅಡಿಗಿ ಕಡಿ ಇದ್ದೆ. ಊಟ ಆಗಿದ್ದು ಕಣ್ಣಾರೆ ನೋಡೀನಿ. ಮದುವಿ ಆಗಿದ್ದು ನೋಡಿಲ್ಲ."

ಮರುದಿನ ದೊಡ್ಡಪ್ಪನನ್ನೇ ಕರೆತಂದೆವು. ಅವರು ಫೋಟೋದಲ್ಲಿ ತಮ್ಮನ್ನು ತಾವು ತೋರಿಸಿ, ಇದು ನಾನು ಅಂದರು; ಹಾಗಾದ ಮೇಲೆ ಉಳಿದವನೇ ಮದುಮಗ ಅಂತ ಸಾಬೀತಾಗಿ, ಪತ್ರ ಕೈಗೆ ಬಂತು.

ರಜೆ

ನಮ್ಮ ಕಚೇರಿಯ ಸೂಪರಿಂಟೆಂಡೆಂಟರ ಮುಂದೆ ಹೋಗಿ ಸಂಬಳವಿಲ್ಲದ ರಜೆ ಕೇಳಿದೆ. ಕಾರಣ ಏನು ಅಂದರು. ಹೆಂಡತಿಯ ಸಂಗಡ ಇರುವುದಕ್ಕೆ ಅಂದೆ. ಅವರಿಗೆ ಖುಷಿಯಾಯಿತು. ಅದಕ್ಕೆ ರಜೆ ಯಾಕೆ, ಗಂಡ ಹೆಂಡತಿ ಒಂದೇ ಊರಲ್ಲಿ ಇರಲಿ ಅಂತ ವರ್ಗಾವಣೆಯ ನಿಯಮವೇ ಇದೆ ಅಂದರು. "ಆಕಿ ಇರೋ ಊರಾಗ ನಮ್ಮ ಇಲಾಖೆದು ಉಪವಿಭಾಗ ಏನರ ಐತೇನು ನೋಡು."

ಅದು ಸಮುದ್ರದ ದಂಡೆಯ ದೇಶ, ಅಲ್ಲಿ ಕಾಲುವೆ ಇಲ್ಲ ಅಂತ ವಿವರಿಸುವುದರಲ್ಲಿ ಮಧ್ಯಾಹ್ನ ಕಳೆಯಿತು. ರಜೆ ಮಂಜೂರಾಯಿತು. ಸುದ್ದಿ ಕಾಲುವೆಯ ನೀರಿಗಿಂತ ಬೇಗ ವಡಗೇರಾ ಕಡೆಗೆ ಮುಟ್ಟಿತು. ಕಾಲುವೆಯ ಕೊನೆಯ ಹೊಲದವರು ಒಂದು ಟಂಟಂ ಆಟೋ ತುಂಬ ಬಂದರು. ಬೀಳ್ಕೊಡುಗೆಗೆ ಬಂದಿದ್ದಾರೆ ಅಂದುಕೊಂಡು ನಾನು ಚಹಾ ತರಿಸಿದೆ. ಅವರಲ್ಲಿ ಹಿರಿಯ ಚಹಾ ಮುಗಿಸಿ, ಬಾಯಿ ಒರೆಸಿಕೊಂಡು, ಹೋಗಬೇಡಿರಿ ಅಂದ. ನಾನು ಇನ್ನೊಂದು ಸುತ್ತು ಚಹಾ ಹೇಳಿದೆ.

"ಹೊಸಬ ಹೆಂಗಿರ್ತಾನೋ ಏನೋ," ಅಂದ ಆತ. "ನಿಮಗ ಬೈದು ರೂಢಿ ಆಗೇತ್ರಿ."

ಹೋಗಿ ಬಂದವನು

ಹೈದರಾಬಾದಿಗೆ ಹೋಗಿ ವೀಸಾದ ಅರ್ಜಿಗೆ ಬೆರಳ ಗುರುತು ಕೊಟ್ಟು ಬಂದೆವು. ಕಚೇರಿಯಲ್ಲಿ ನನಗೆ ಶಾಲು ಹೊದಿಸಿ, ಭಾಷಣ ಮಾಡಿ, ಪುಂಡಿಪಲ್ಯ ರೊಟ್ಟಿ ಊಟ ಹಾಕಿ ಬೀಳ್ಕೊಟ್ಟರು. ಅದಾದ ಮೇಲೆ ವೀಸಾ ಬಂತು. ನನ್ನದು. ಹೆಂಡತಿಯದು ಬರಲಿಲ್ಲ.

ಏಜೆಂಟ್‌ಗೆ ಫೋನು ಹಚ್ಚಿದೆ. ಅವಳದು ಇನ್ನೂ ಪರಿಶೀಲನೆಯಲ್ಲಿದೆ ಅಂದ. ನಾನು ಅವಳ ಅವಲಂಬಿತ, ಅವಳೇ ಇಲ್ಲದೆ ಅಲ್ಲಿ ಹೋಗಿ ಯಾರನ್ನು ಅವಲಂಬಿಸಲಿ ಅಂದೆ. ಆತ, ಹಾಗಾದರೆ ನೀವು ಮೊದಲು ಹೋಗಿ ಅಲ್ಲಿಯ ಮನೆ ಕಸ ಹೊಡೆದು ಇಡಿರಿ ಅಂದ. ಫೋನು ಇಟ್ಟುಬಿಟ್ಟೆ. ಹೆಂಡತಿ ಆವತ್ತು ಊಟ ಸರಿಯಾಗಿ ಮಾಡಲಿಲ್ಲ. ಲ್ಯಾಬಿನವರು ಇನ್ನೆಷ್ಟು ದಿನ ಕಾಯುತ್ತಾರೋ ಅನ್ನುವುದೇ ಅವಳ ಚಿಂತೆ. ಸಂಜೆಯಾದರೆ ಮಾಳಿಗೆ ಹತ್ತಿ, ಕರೆಂಟಿಗೆ ಕೈಮುಗಿದು ಕೂಡುತ್ತಿದ್ದಳು.

ನನ್ನ ಪಾಡು ಬೇರೆ. ಶಾಲು ಹೊದಿಸಿಕೊಂಡವನು ಮತ್ತೆ ಕಚೇರಿಗೆ ಹೋಗುವುದು ಹೇಗೆ? ಕಾಯಿಪಲ್ಯ ತರಲು ಶಹಾಪುರದ ಬಸ್‌ಸ್ಟ್ಯಾಂಡಿನ ಕಡೆ ಹೋದರೆ ಜನ ಹಿಡಿದು ನಿಲ್ಲಿಸುತ್ತಿದ್ದರು. "ಯಾವಾಗ ಬಂದ್ರಿ?" ಅಂತ ಕೇಳುತ್ತಿದ್ದರು. ನಾನು ಹೋಗೇ ಇಲ್ಲ ಅಂತ ಮೊದಮೊದಲು ಪೂರಾ ಹಕೀಕತ್ತು ಹೇಳಿದೆ. ವೀಸಾ, ಅವಲಂಬಿತ, ಪರಿಶೀಲನೆ ಎಲ್ಲ. ಕೇಳಿದವರು ತಾಳ್ಮೆಯಿಂದ ಕೇಳಿ, "ಅದಿರಲಿ, ಆ ದೇಶ ಹೆಂಗೈತ್ರಿ?" ಅನ್ನುತ್ತಿದ್ದರು. ಒಂದು ವಾರಕ್ಕೆ ನನಗೆ ಸಾಕಾಯಿತು. ಯಾರು ಕೇಳಿದರೂ "ಥಂಡಿ ಭಾಳ," ಅಂದು ಮುಂದೆ ನಡೆಯತೊಡಗಿದೆ. ಅಷ್ಟಕ್ಕೇ ಎಲ್ಲರಿಗೂ ಸಮಾಧಾನವಾಗುತ್ತಿತ್ತು.

ಅಂತೂ ಹೆಂಡತಿಯ ವೀಸಾ ಬಂತು. ಲ್ಯಾಬಿನವರೂ ಕಾದಿದ್ದರು. ಅವಳು ನಕ್ಕಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು, ನನಗೂ ಹಗುರಾಯಿತು. ಗಂಟುಮೂಟೆ ಕಟ್ಟಿಕೊಂಡು ಯಾದಗಿರಿ ಸ್ಟೇಷನ್ನಿಗೆ ಬಂದು ಹೈದರಾಬಾದಿನ ಗಾಡಿಗೆ ಕಾಯುತ್ತ ನಿಂತೆವು. ಊರಿನ ನಿವೃತ್ತ ಮಾಸ್ತರರೊಬ್ಬರು ಅದೇ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕರು. ನಮ್ಮ ಪೆಟ್ಟಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿ ಮುಖ ಅರಳಿಸಿದರು. ನನ್ನ ಬೆನ್ನು ತಟ್ಟಿ ಹೇಳಿದರು:

"ಈ ಸಲ ಆಕಿನ್ನೂ ಕರ್ಕೊಂಡು ಹೊಂಟೀಯಲ್ಲ, ಚಲೋ ಮಾಡ್ದಿ. ಹ್ವಾದ ಸಲ ಒಬ್ಬಾಕಿನ ಬಿಟ್ಟು ಹೋಗಿದ್ದು ಊರಾಗ ಯಾರಿಗೂ ಸೇರಿದ್ದಿಲ್ಲ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಸೆರಗು ಸರಿಪಡಿಸಿಕೊಂಡು, ಒಂದಿಷ್ಟೂ ನಗದೆ ಅಂದಳು:

"ಹೋಗ್ಲಿ ಬಿಡ್ರಿ ಸರ್, ಈಗ ಬುದ್ಧಿ ಬಂದೈತಿ ಅವರಿಗೆ."