ಹದಿನೇಳನೇ ನಂಬರಿನ ಮಾವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಮನೆಗೆ ಡೇಟಾಬೇಸ್ ಬೇಕಾಗಿ ಬಂದದ್ದು ನನ್ನ ಬಾಯಿಂದ. ನನಗೆ ಚಿಕ್ಕಂದಿನಿಂದ ಒಂದು ಕಾಯಿಲೆ. ಎದುರಿಗಿರುವವರು ಎರಡು ಮಾತಾಡಿದರೆ ಮೂರನೆಯದನ್ನು ಅವರದೇ ದನಿಯಲ್ಲಿ ನಾನು ಆಡಿಬಿಡುತ್ತೇನೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಕಂಡಕ್ಟರು, ಮಾರ್ಟಳ್ಳಿಯಿಂದ ಬಂದು ಕನ್ನಡದಲ್ಲಿ ಚೌಕಾಸಿ ಶುರುಮಾಡಿ ತಮಿಳಿನಲ್ಲಿ ಮುಗಿಸುವ ತರಕಾರಿಯಮ್ಮ, ನನಗೆ ಲೆಕ್ಕ ಕಲಿಸಲು ಹೋಗಿ ಸೋತ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಒಮ್ಮೆ ಕನ್ನಡಿ ಮುಂದೆ ನಿಂತು ನನ್ನನ್ನೇ ಅನುಕರಿಸಲು ನೋಡಿದೆ. ಅದೊಂದು ಮಾತ್ರ ಸರಿಯಾಗಿ ಬರಲಿಲ್ಲ.

ಹನೂರಿನಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಕೂತವರು, "ಅಗರದ ಮಾವನ್ನ ಮಾಡಿ ತೋರ್ಸು" ಎಂದು ಪೀಡಿಸಿದರು. ಅಗರದ ಮಾವ ಎಂದರೆ ನಮ್ಮವ್ವನ ಒಬ್ಬನೇ ಅಣ್ಣ, ಮಹದೇವಸ್ವಾಮಿ. ಅವರು ಫೋನಿನಲ್ಲಿ ಮಾತಾಡುವಾಗ ಫೋನಿನ ಅಗತ್ಯವೇ ಇರುವುದಿಲ್ಲ, ಯಳಂದೂರಿನವರೆಗೆ ಹಾಗೇ ಕೇಳಿಸುತ್ತದೆ. ಹೆಸರು ಹೇಳುವುದಿಲ್ಲ. "ಅಲೋ! ನಾನು ಕಣಪ್ಪ, ನಾನು!" ಎನ್ನುತ್ತಾರೆ. ಕೊನೆಗೆ, "ಮಡುಗ್ಲಾ? ಮಡುಗ್ತೀನಿ... ಮಡುಗ್ದೆ!" ಎಂದು ಮೂರು ಸಲ ಸಾರುತ್ತಾರೆ, ಆದರೆ ಫೋನು ಕೆಳಗಿಡುವುದಿಲ್ಲ. ಇದನ್ನೆಲ್ಲ ನಾನು ಬಾಳೆ ಎಲೆಯ ಮುಂದೆ ಅಭಿನಯಿಸಿ "ಮಡುಗ್ದೆ" ಎನ್ನುವ ಹೊತ್ತಿಗೆ ನಗು ಇದ್ದಕ್ಕಿದ್ದಂತೆ ನಿಂತುಹೋಯಿತು. ತಿರುಗಿ ನೋಡಿದರೆ ಮಾವ ಹಿಂದಿನ ಸಾಲಿನಲ್ಲೇ ಕೂತಿದ್ದರು. ಪಾಯಸ ಇನ್ನೂ ಬಂದಿರಲಿಲ್ಲ. ಎಲೆ ಮಡಚಿ ಎದ್ದುಹೋದರು.

ಅಲ್ಲಿಂದ ಮಾವ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ಅಷ್ಟರಲ್ಲಿ ತಂಗಿಯ ನಿಶ್ಚಿತಾರ್ಥ ಒಂದು ಶುಕ್ರವಾರಕ್ಕೆ ಗೊತ್ತಾಯಿತು. ಸೋದರಮಾವ ಇಲ್ಲದೆ ಹುಡುಗಿಯನ್ನು ಮಣೆ ಮೇಲೆ ಕೂರಿಸುವವರು ಯಾರು? ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಸೌಟು ಕೈಯಲ್ಲಿ ಹಿಡಿದೇ ಹೇಳಿದಳು: "ನಮ್ಮಣ್ಣ ಬರ್ನಿಲ್ಲ ಅಂದ್ರೆ ನೀನೂ ಬರ್ಬ್ಯಾಡ ಕಣ್ಲಾ. ಅವತ್ತು ಎತ್ಲಾಗಾರ ಓಗು." ನಾನು ಅಲ್ಲೇ ಪ್ರತಿಜ್ಞೆ ಮಾಡಿದೆ. ಯಾರು ಯಾರಿಗೆ ಏನಾಗಬೇಕು, ಯಾರ ಮುಂದೆ ಯಾರ ದನಿ ತೆಗೆಯಬಾರದು, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸುತ್ತೇನೆ, ಇನ್ನು ತಪ್ಪೇ ಆಗುವುದಿಲ್ಲ ಎಂದೆ. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಪ್ರತಿಜ್ಞೆ ಮಾಡಿದ್ದರೆ ಇನ್ನೂ ಅಗ್ಗವಾಗುತ್ತಿತ್ತು. ಅದು ಆಗ ಹೊಳೆಯಲಿಲ್ಲ.

ನಮ್ಮದು ತಂಗಿಯ ಓದಿಗೆಂದು ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು. ಅದಕ್ಕೆ ಒಗ್ಗುವ ಸಾಫ್ಟ್‌ವೇರ್ ಯಾವುದೆಂದು ಜೆರಾಕ್ಸ್ ಅಂಗಡಿಯ ಗೆಳೆಯ ನಂಜುಂಡನನ್ನು ಕೇಳಿದೆ. ಅವನು ಮೂಗಿನಲ್ಲೇ ಮಾತಾಡುತ್ತಾನೆ, ನಾನೂ ಮೂಗಿನಲ್ಲೇ ಕೇಳಿದೆ. "ಲೇ, ಅಂಗಡಿ ಲೆಕ್ಕ ಬರೆಯೋ ಥರ ಚೌಕ ಚೌಕದಾಗೆ ಬರ್ಕಳಲಾ, ಸಾಕು" ಎಂದ. ನನಗೆ ಸಾಲದು. ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕು: ಶುಕ್ರವಾರ, ಕೊಳ್ಳೇಗಾಲ, ಅಗರದವರು ಬಂದಿದ್ದಾರೆ, ಯಾರನ್ನು ಅನುಕರಿಸಲಿ? ಅಂಥದ್ದು ಬೇಕು ಎಂದೆ. ನಂಜುಂಡ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬ್ಯಾಂಕಿನವರು ಬಳಸುವಂಥದ್ದನ್ನೇ ಹಾಕಿಕೊಟ್ಟ. ಪುಕ್ಕಟೆ. ಆದರೆ ಅದನ್ನು ತೆರೆದೊಡನೆ ನಮ್ಮ ಕಂಪ್ಯೂಟರು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವ ಬಸ್ಸಿನಂತೆ ನರಳಲು ಶುರುಮಾಡಿತು. ಪಾಪ, ಬಸ್ಸಾದರೆ ಇಳಿದು ನೂಕಬಹುದು. ಕಡೆಗೊಂದು ಕಪ್ಪು ತೆರೆ ಬಂದು, ಆಜ್ಞೆ ಕೊಡು ಎಂಬಂತೆ ಮಿಣುಕಿತು. ನಾನು "ಮಾವ" ಎಂದು ಟೈಪ್ ಮಾಡಿದೆ. ತಪ್ಪು ಎಂದಿತು. ತಪ್ಪು ನನಗೂ ಗೊತ್ತಿತ್ತು.

ಎರಡನೆಯದು ಬಹಳ ಚೆಂದ. ನೆಂಟರ ಫೋಟೋ ಹಾಕಲು ಜಾಗ, ಹುಟ್ಟುಹಬ್ಬಕ್ಕೆ ಗಂಟೆ ಬಾರಿಸುವ ವ್ಯವಸ್ಥೆ. ಒಂದು ತಿಂಗಳು ಸುಮ್ಮನೆ ಬಳಸಿ, ಆಮೇಲೆ ವರ್ಷವರ್ಷವೂ ಬಾಡಿಗೆ ಕಟ್ಟಿ ಎಂದು ಅದರಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಕರೆಯದಿದ್ದರೂ ಪುಕ್ಕಟೆ ಬಂದು ವಾರಗಟ್ಟಲೆ ಇರುವ ನಮ್ಮ ನೆಂಟರನ್ನು ನೋಡಲು ನಾನು ದುಡ್ಡು ಕೊಡಬೇಕೇ? ತೆಗೆದುಹಾಕಿದೆ.

ಮೂರನೆಯದು ಸಾಧುಪ್ರಾಣಿ. ಪುಕ್ಕಟೆ, ಹಗುರ, ಕನ್ನಡ ಅಕ್ಷರವೂ ಬರುತ್ತಿತ್ತು. ಅದರದ್ದು ಒಂದೇ ಹಟ: ಪ್ರತಿ ಮನುಷ್ಯನಿಗೂ ಇನ್ನೊಬ್ಬರಿಗಿಲ್ಲದ ಒಂದು ಗುರುತು ಬೇಕು. ಹೆಸರು ಕೊಟ್ಟೆ. ಎರಡನೇ ಮಹದೇವಸ್ವಾಮಿಗೇ, ಈಗಾಗಲೇ ಇದ್ದಾರೆ ಎಂದು ತಡೆಯಿತು. ಇದ್ದಾರಪ್ಪ, ಇನ್ನೂ ಮೂವರಿದ್ದಾರೆ! ಊರು ಸೇರಿಸಿದರೆ ಅಗರದಲ್ಲೇ ಇಬ್ಬರು. ಮನೆಯೊಳಗೆ ನಾವು ಟ್ರ್ಯಾಕ್ಟರ್ ಮಹದೇವಸ್ವಾಮಿ, ಬೀಪಿ ಮಹದೇವಸ್ವಾಮಿ ಎನ್ನುತ್ತೇವೆ ನಿಜ, ಅದನ್ನು ಬರೆದಿಡಲಾದೀತೇ? ಕಡೆಗೆ ಸಾಫ್ಟ್‌ವೇರೇ, ನಾನೇ ಒಂದೊಂದು ನಂಬರು ಕೊಡುತ್ತೇನೆ ಎಂದಿತು. ಸರಿ ಎಂದು ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದೆ. ನಂಜುಂಡ, "ಮೊದ್ಲು ಸುಮ್ನೆ ಏನಾರ ಒಂದು ಹಾಕಿ ನೋಡ್ಲಾ" ಎಂದಿದ್ದ. ಬಾಗಿಲಲ್ಲಿ ನಮ್ಮ ಬೀದಿನಾಯಿ ಕರಿಯ ಮಲಗಿತ್ತು. ಹೆಸರು: ಕರಿಯ. ಸಂಬಂಧ: ಬೀದಿ. ಸಿಟ್ಟು: ಇಲ್ಲ. ಯಾರ ಮುಂದೆ ಅನುಕರಿಸಬಾರದು: ಬೇರೆ ನಾಯಿಗಳ ಮುಂದೆ. ಆಮೇಲೆ ನೆಂಟರು. ಅಗರದ ಮಾವನ ಹೆಸರು ಬಂದಾಗಲೆಲ್ಲ ಹೆದರಿ ಮುಂದಕ್ಕೆ ಹಾಕುತ್ತ ಹೋಗಿ, ಎಲ್ಲರೂ ಮುಗಿದ ಮೇಲೆ ಟೈಪ್ ಮಾಡಿದೆ. ಸಿಟ್ಟು: ಇದೆ. ಪಾಯಸ ಬಿಟ್ಟಿದ್ದಾರೆ.

ಆ ವಾರವೇ ಮಾವ ಮೋಟರ್ ವೈಂಡಿಂಗ್‌ಗೆಂದು ಕೊಳ್ಳೇಗಾಲಕ್ಕೆ ಬಂದವರು ನಮ್ಮ ಜಗುಲಿವರೆಗೆ ಬಂದರು, ಹೊಸ್ತಿಲು ದಾಟಲಿಲ್ಲ. ಅವ್ವ, "ಅಣ್ಣಯ್ಯ, ಸುಕ್ರವಾರ ನೀ ಬರ್ದೆ ಎಂಗೆ?" ಎಂದರೆ, "ನೋಡನ ಬುಡವ್ವ" ಎಂದರು. ಮಾವ ನೋಡನ ಎಂದರೆ ಬರುವುದಿಲ್ಲ ಎಂದೇ ಅರ್ಥ. ಅವ್ವ ಕಡೆಯ ಅಸ್ತ್ರ ತೆಗೆದಳು: "ನಿನ್ನಳಿಯ ಬುದ್ಧಿ ಕಲ್ತವ್ನೆ ಕಣಣ್ಣಯ್ಯ. ಯಾರ್ಗೂ ನೋವಾಗ್ಬಾರ್ದು ಅಂತ ಎಲ್ರುನೂ ಕಂಪ್ಯೂಟರ್ನಾಗೆ ಮಡುಗವ್ನೆ, ಬಾ ನೋಡು!" ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮಾವ ಹೊಸ್ತಿಲು ದಾಟಿಯಾಗಿತ್ತು, ಅವರ ಕನ್ನಡಕ ತೆರೆಯ ಮುಂದಿತ್ತು.

ಮದುವೆ ಕರೆಯಲು ಮೊದಲು ಯಾರ ಮನೆಗೆ ಹೋದರು ಎಂಬುದರ ಮೇಲೆ ಹತ್ತು ವರ್ಷ ಮಾತುಬಿಡುವ ಜನ ನಾವು. ಮಾವ ಬೆರಳಿಟ್ಟು ಕೆಳಗಿಳಿದರು. ತಮ್ಮ ಹೆಸರು ಸಿಕ್ಕಿದ ಮೇಲೆ ಮತ್ತೆ ಮೇಲೇರಿದರು. "ನಾನು ಅದಿನೇಳ್ನೇದು. ಆಗ್ಲಿ. ಒಂದ್ನೇ ನಂಬರ್ ಕರಿಯ ಯಾರ್ಲಾ? ನಿಮ್ಮಪ್ಪನ ಕಡೆಯೋರ?"

ಕರಿಯ ತನ್ನ ಹೆಸರು ಕೇಳಿ ಬಾಲ ಆಡಿಸುತ್ತ ಒಳಗೇ ಬಂತು.

ನಾನು ಗಡಿಬಿಡಿಯಲ್ಲಿ ನಾಯಿಯನ್ನು ಅಳಿಸಿದೆ. ಪಟ್ಟಿ ಎರಡರಿಂದ ಶುರುವಾಯಿತು. ಮಾವನನ್ನೂ ಅಳಿಸಿ ಹೊಸದಾಗಿ ಹಾಕಿದೆ, ಖಾಲಿಯಾದ ಒಂದು ಸಿಗಲೆಂದು. ಹದಿನೆಂಟು ಎಂದು ಬಂತು; ಒಮ್ಮೆ ಕೊಟ್ಟ ನಂಬರನ್ನು ಅದು ಮತ್ತೆ ಯಾರಿಗೂ ಕೊಡುವುದಿಲ್ಲವಂತೆ. ಮತ್ತೆ ಅಳಿಸಿ ಹಾಕಿದೆ. ಹತ್ತೊಂಬತ್ತು. "ಮುಟ್ಬ್ಯಾಡ ಕಣ್ಲಾ! ನಮ್ಮಣ್ಣ ಇನ್ನೂ ಕೆಳಕ್ಕೆ ಓಯ್ತಾವ್ನೆ!" ಎಂದು ಅವ್ವ ಕಿರುಚಿದಳು.

ಆಗಲೇ ಮಾವನ ಫೋನು ಬಡಿದುಕೊಂಡಿತು. "ಅಲೋ! ನಾನು ಕಣಪ್ಪ, ನಾನು! ಇಲ್ಲೇ ತಂಗಿ ಮನೇಲಿ. ಏನಿಲ್ಲ, ನಾಯಿ ಫಸ್ಟು ಬಂದದೆ, ನಾನು ಹತ್ತೊಂಬತ್ತು. ಊಂ. ಮಡುಗ್ಲಾ? ಮಡುಗ್ತೀನಿ..."

ನಾನು ಹಲ್ಲು ಕಚ್ಚಿ ಹಿಡಿದೆ. ತಂಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆದರೆ ಮಾವ ಒಂದು ಉಸಿರಿನಷ್ಟು ತಡಮಾಡಿದರು ನೋಡಿ, ಆ ಸಂದಿನಲ್ಲಿ ನನ್ನ ಗಂಟಲಿನಿಂದ ತಾನಾಗಿಯೇ ಬಂದುಬಿಟ್ಟಿತು, "ಮಡುಗ್ದೆ!"

ಅವ್ವ ಕಣ್ಣು ಮುಚ್ಚಿಕೊಂಡಳು. ಮಾವ ಫೋನನ್ನು ನೋಡಿದರು, ನನ್ನನ್ನು ನೋಡಿದರು. ಬಾಲ ಆಡಿಸುತ್ತಿದ್ದ ಕರಿಯನನ್ನು ನೋಡಿದರು. ಮೀಸೆಯೊಳಗೆ ಏನೋ ಅಲುಗಿತು. ಗೋಡೆಗೊರಗಿ ಕುಳಿತು, ಟವೆಲನ್ನು ತೊಡೆ ಮೇಲೆ ಹಾಸಿಕೊಂಡು ಹೇಳಿದರು:

"ಮುದ್ದೆ ಇಕ್ಕವ್ವ, ಸುಕ್ರವಾರನೂ ಬತ್ತೀನಿ. ಲೇ, ಆ ನಾಯಿನೇ ತಿರ್ಗಾ ಒಂದ್ನೇ ನಂಬರ್‌ಗೆ ಹಾಕ್ಲಾ. ಅದಾರ ತನ್ ದನೀಲೇ ಬೊಗಳ್ತದೆ."